ಕಲ್ಲು ಹುಡುಕುವಾಗ ಕಂಡ ಬೆನ್ನುಮೂಳೆ

ಸ್ಕ್ಯಾನಿಂಗ್ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಅತ್ತೆ ಸೊಸೆ ವರದಿ ಹಿಡಿದು ಕೂತಿದ್ದರು.

“ಕಿಡ್ನಿ ಕಲ್ಲಿಗೆ ಅಂತ ತಾನೇ ಸಿ.ಟಿ. ಮಾಡಿಸಿದ್ದು? ಮೂಳೆ ವಿಷಯ ಎಲ್ಲಿಂದ ಬಂತು?” ಅತ್ತೆ ಕೇಳಿದರು.

“ಅದೇ ಚಿತ್ರದಲ್ಲಿ ಬೆನ್ನುಮೂಳೆನೂ ಕಾಣುತ್ತಂತೆ. ಸ್ಕ್ಯಾನ್ ನೋಡೋ ಡಾಕ್ಟರು ಅದರ ಸಾಂದ್ರತೆನೂ ಅಳೆದಿದಾರೆ. ಮೂಳೆ ಸವೆದಿದೆ ಅತ್ತೆ, ಒಂದು ಕಡೆ ಕುಸಿದೂ ಇದೆ.”

“ಹಾಗಾದ್ರೆ ನನ್ನ ಬೆನ್ನುನೋವು ಸುಳ್ಳಲ್ಲ.”

“ಅಲ್ಲ. ಕೆಲಸ ತಪ್ಪಿಸ್ಕೊಳ್ಳೋ ನಾಟಕ ಅಂದ್ಕೊಂಡಿದ್ದೆ. ತಪ್ಪಾಯ್ತು.”

“ಬಿಡಮ್ಮ. ನನ್ನ ಮುಖಾನೇ ನೋಡದೋರು ನನ್ನ ನೋವು ಕಂಡುಹಿಡಿದ್ರಲ್ಲ, ಅವರ ಹೊಟ್ಟೆ ತಣ್ಣಗಿರಲಿ. ಇದಕ್ಕೆ ಔಷಧ ಇದೆಯಾ?”

“ಇದೆ, ನಮ್ಮ ಡಾಕ್ಟರು ವರದಿ ನೋಡಿ ಚೀಟಿ ಬರೆದುಕೊಟ್ಟಿದಾರೆ. ಸೊಂಟ ಮುರಿಯೋ ಮುಂಚೆ ಗೊತ್ತಾಯ್ತಲ್ಲ, ಅದೇ ಪುಣ್ಯ. ಬನ್ನಿ, ನನ್ನ ಕೈ ಹಿಡ್ಕೊಳ್ಳಿ.”

ಅತ್ತೆ ಸೊಸೆಯ ತೋಳು ಹಿಡಿದು ಎದ್ದರು. ಇಬ್ಬರೂ ನಿಧಾನವಾಗಿ ಔಷಧದಂಗಡಿಯತ್ತ ನಡೆದರು.