ಬಲಕ್ಕೆ ತಿರುಗಿಸಿದರೆ ಬಿಚ್ಚುವ ಬೋಲ್ಟು

ಕೆಳಗೆ ಸಹಿ ಮಾಡಿರುವ ನಾನು, ವಯಸ್ಸು ನಲವತ್ತಾರು, ಉದ್ಯೋಗ ಅನುವಾದ, ವಾಸ ಕಾಲುವೆ ಪಕ್ಕದ ವಸತಿ ಕಟ್ಟಡದ ಎರಡನೇ ಮಹಡಿ, ಮೆಟ್ಟಿಲಿನ ಎಡಗಡೆಯ ಮನೆ, ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಔಷಧಿ ಪೊಟ್ಟಣಗಳ ಒಳಗೆ ಮಡಚಿ ಇಟ್ಟಿರುವ ಸೂಚನೆಯ ಚೀಟಿಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು ನನ್ನ ಕೆಲಸ. ಅದನ್ನು ಯಾರಾದರೂ ಓದುತ್ತಾರೆಯೇ ಎಂದು ಸಬ್ ಇನ್‌ಸ್ಪೆಕ್ಟರ್ ಮೇಡಂ ಕೇಳಿದರು. ಓದಿದವರನ್ನು ನಾನು ಇದುವರೆಗೆ ಕಂಡಿಲ್ಲ ಎಂದು ಹೇಳಿದೆ. ಮನೆಯಲ್ಲೇ ಕುಳಿತು ಕೆಲಸ ಮಾಡುತ್ತೇನೆ. ಮೇಜು ಕಿಟಕಿಗೆ ಒತ್ತಿಕೊಂಡಿದೆ. ಅಲ್ಲಿಂದ ಕಾಲುವೆಯ ಮೇಲಿನ ಕಾಲುಸೇತುವೆ ಕಾಣುತ್ತದೆ, ದೂರ ಸುಮಾರು ಅರವತ್ತು ಅಡಿ. ಮೊದಲು ಚಿಕ್ಕಮ್ಮ ಜೊತೆಗಿದ್ದರು. ಮೊಮ್ಮಗಳನ್ನು ನೋಡಿಕೊಳ್ಳಲು ಅವರು ತಮ್ಮ ಮಗಳ ಮನೆಗೆ ಹೋದ ಮೇಲೆ ನಾನೊಬ್ಬಳೇ ಇದ್ದೇನೆ.

ಚಿಕ್ಕಮ್ಮ ಹೋದ ವರ್ಷ ನಾನು ಡಬ್ಬಿ ಹುಡುಕುವ ಆಟಕ್ಕೆ ಸೇರಿದೆ. ಆಟ ಇಷ್ಟೇ. ಒಬ್ಬರು ಬಯಲಿನಲ್ಲಿ, ಎಲ್ಲರೂ ಓಡಾಡುವ ಜಾಗದಲ್ಲಿ, ಒಂದು ಡಬ್ಬಿಯನ್ನು ಬಚ್ಚಿಟ್ಟು ಅದು ಇರುವ ಜಾಗದ ಗುರುತನ್ನು ಫೋನಿನ ಆ್ಯಪ್‌ನಲ್ಲಿ ಹಾಕುತ್ತಾರೆ. ಬೇರೆಯವರು ಹುಡುಕಿಕೊಂಡು ಬರುತ್ತಾರೆ. ಸಿಕ್ಕಿದರೆ ಒಳಗಿನ ಚೀಟಿಗೆ ಸಹಿ ಹಾಕಿ, ಇದ್ದ ಹಾಗೆಯೇ ಇಟ್ಟು ಹೋಗುತ್ತಾರೆ. ಆಡುವವರೆಲ್ಲ ಅಡ್ಡಹೆಸರು ಇಟ್ಟುಕೊಳ್ಳುತ್ತಾರೆ. ನನ್ನದು ಗೋಡೆಹಲ್ಲಿ. ಕೇಳಿದ ಚಿಕ್ಕಮ್ಮ, ಈ ವಯಸ್ಸಿನಲ್ಲಿ ಕಣ್ಣಾಮುಚ್ಚಾಲೆ ಆಡ್ತೀಯೇನೇ, ಅದೂ ನೀನೊಬ್ಬಳೇ ಎಂದು ಫೋನಿನಲ್ಲಿ ನಕ್ಕರು.

ಎಂಥ ಡಬ್ಬಿ ಆರಿಸಬೇಕು ಎಂಬುದನ್ನು ನಾನು ಪೆಟ್ಟು ತಿಂದು ಕಲಿತೆ. ಮೊದಲು ಊಟದ ಡಬ್ಬಿಗೆ ಹಸಿರು ಬಣ್ಣ ಹೊಡೆದು ಉದ್ಯಾನದ ಪೊದೆಯಲ್ಲಿ ಇಟ್ಟೆ. ಕಸ ಗುಡಿಸುವವರು ಅದನ್ನು ಎತ್ತಿಕೊಂಡು ಹೋದರು, ಅವರದೇನೂ ತಪ್ಪಿಲ್ಲ. ಆಮೇಲೆ ಮರದ ತುಂಡೊಂದನ್ನು ಒಳಗೆ ಕೊರೆಸಿ ತೊಗಟೆ ಅಂಟಿಸಿದೆ. ಅದರಲ್ಲಿ ಇರುವೆಗಳು ಸಂಸಾರ ಹೂಡಿದವು. ಸಿಮೆಂಟಿನಲ್ಲಿ ಕಲ್ಲಿನಂಥ ಡಬ್ಬಿ ಮಾಡಿದೆ. ತಳ್ಳುಗಾಡಿಯವರು ಅದನ್ನು ಚಕ್ರಕ್ಕೆ ಅಡ್ಡ ಕೊಟ್ಟು ಒಡೆದರು. ವಿದ್ಯುತ್ ಪೆಟ್ಟಿಗೆಯ ಹಾಗೆ ಕಾಣುವುದನ್ನು ನಾನು ಯಾವತ್ತೂ ಇಟ್ಟಿಲ್ಲ, ಜನ ಹೆದರುತ್ತಾರೆ. ಕೊನೆಗೆ ಗೊತ್ತಾದದ್ದು, ಡಬ್ಬಿಯು ಎಸೆಯಬೇಕು ಎನಿಸುವ ಹಾಗೂ ಇರಬಾರದು, ಬೇಕು ಎನಿಸುವ ಹಾಗೂ ಇರಬಾರದು. ಅದು ಅಲ್ಲಿರುವುದು ಯಾರ ಲೆಕ್ಕಕ್ಕೂ ಬರಬಾರದು.

ಸೇತುವೆಯ ಆಚೆ ತುದಿಯ ಕೈಕಂಬಿಯಲ್ಲಿ ಒಂದು ಅಲಂಕಾರದ ತಗಡಿದೆ. ಅದಕ್ಕೆ ನಾಲ್ಕು ಬೋಲ್ಟುಗಳು, ಐದನೆಯ ತೂತು ಮೊದಲಿನಿಂದಲೂ ಖಾಲಿ. ನಾನು ಸೇತುವೆಯಿಂದ ಯಾವ ಬೋಲ್ಟನ್ನೂ ಬಿಚ್ಚಿಲ್ಲ ಎಂಬುದನ್ನು ಸ್ಪಷ್ಟಪಡಿಸುತ್ತೇನೆ. ಉಳಿದ ನಾಲ್ಕರ ಅಳತೆ ತೆಗೆದು, ಒಳಗೆ ಟೊಳ್ಳಿರುವ ಒಂದು ಬೋಲ್ಟನ್ನು ಲೇತ್ ಯಂತ್ರದವರ ಹತ್ತಿರ ಮಾಡಿಸಿದೆ. ತಲೆಯನ್ನು ತಿರುಗಿಸಿದರೆ ಬಿಚ್ಚಿಕೊಳ್ಳಬೇಕು, ಆದರೆ ತಿರುಪು ಉಲ್ಟಾ ಇರಬೇಕು, ಅಂದರೆ ಎಲ್ಲರೂ ಬಿಚ್ಚುವಂತೆ ಎಡಕ್ಕೆ ತಿರುಗಿಸಿದರೆ ಇನ್ನೂ ಬಿಗಿಯಾಗಬೇಕು ಎಂದು ಹೇಳಿದೆ. ಅವರು, ಹಾಗೆ ಮಾಡಿದ್ರೆ ಯಾರ ಕೈಗೂ ಬಿಚ್ಚೋಕಾಗಲ್ಲ ಅಕ್ಕಾ, ಯಾರೂ ಬಿಚ್ಚಬಾರದು ಅಂದ್ರೆ ಬೋಲ್ಟು ಯಾಕೆ, ಮನೇಲೇ ಇಟ್ಕೊಳ್ಳಿ ಎಂದರು. ನಾನು ಹೇಳಿದ ಹಾಗೆಯೇ ಮಾಡಿಸಿಕೊಂಡು ಬಂದೆ. ಬಣ್ಣಕ್ಕೆ ಇಟ್ಟಿಗೆ ಪುಡಿ ಕಲಸಿ ತುಕ್ಕು ಹಿಡಿದಂತೆ ಬಳಿದೆ. ಹಿಂಬದಿಗೆ ಅಯಸ್ಕಾಂತ ಕೂರಿಸಿ ಖಾಲಿ ತೂತಿಗೆ ಹಚ್ಚಿದೆ. ಮನೆಗೆ ಬಂದು ಕಿಟಕಿಯಿಂದ ನೋಡಿದರೆ ಐದರಲ್ಲಿ ನನ್ನದು ಯಾವುದು ಎಂದು ನನಗೇ ತಿಳಿಯಲಿಲ್ಲ. ಆ ದಿನ ಬಹಳ ಸಂತೋಷವಾಯಿತು.

ಹಲವರು ಒಂದೊಂದು ಸಲ ಬಂದು, ಸಿಗಲಿಲ್ಲ ಎಂದು ಆ್ಯಪ್‌ನಲ್ಲಿ ಬರೆದು ಹೋದರು. ಬಸವನಹುಳು ಎಂಬ ಅಡ್ಡಹೆಸರಿನವರು ಮಾತ್ರ ಮತ್ತೆ ಬಂದರು. ನಾನು ಗೋಡೆಹಲ್ಲಿ, ಅವರು ಬಸವನಹುಳು ಎಂದಾಗ ಬರೆದುಕೊಳ್ಳುತ್ತಿದ್ದ ಪೇದೆ ಪೆನ್ನು ನಿಲ್ಲಿಸಿ ಎಸ್ಐ ಮೇಡಂ ಮುಖ ನೋಡಿದರು. ಮೇಡಂ, ಬರೀರಿ ಬರೀರಿ, ನಮ್ಮ ಠಾಣೆಯಲ್ಲಿ ಚಿರತೆ, ಹುಲಿಗಳದ್ದೇ ಬರೆದೂ ಬರೆದೂ ಸಾಕಾಗಿದೆ ಎಂದರು.

ಬಸವನಹುಳು ಪ್ರತಿ ಶನಿವಾರ ಬೆಳಿಗ್ಗೆ ಬರುತ್ತಿದ್ದರು. ಸುಮಾರು ಐವತ್ತು ವರ್ಷದ, ತೆಳ್ಳನೆಯ ಗಂಡಸು. ಮಂಡಿಯ ಕೆಳಗೆ ಹಾಕಿಕೊಳ್ಳಲು ಮಡಚಿದ ಚಾಪೆಯೊಂದನ್ನು ತರುತ್ತಿದ್ದರು. ಕಂಬಿಯ ಒಂದೊಂದು ಗೇಣನ್ನೂ ಬೆರಳಲ್ಲಿ ಮುಟ್ಟಿ ನೋಡಿ, ಮುಂದಿನ ಗೇಣಿಗೆ ಚಾಪೆ ಸರಿಸುತ್ತಿದ್ದರು. ಹೋಗುವ ಮುಂಚೆ ಮೆಟ್ಟಿಲ ಮೇಲೆ ಕುಳಿತು ಡಬ್ಬಿಯಿಂದ ಏನೋ ತಿನ್ನುತ್ತಿದ್ದರು. ನಾನು ಆ ಹೊತ್ತಿಗೇ ಚಹಾ ಮಾಡಿಕೊಳ್ಳುವ ಅಭ್ಯಾಸ ಮಾಡಿಕೊಂಡೆ.

ಯಾರಾದರೂ ಸಿಗಲಿಲ್ಲ ಎಂದರೆ ಬಚ್ಚಿಟ್ಟವರು ಹೋಗಿ ಡಬ್ಬಿ ಇದೆಯೇ ಎಂದು ನೋಡಬೇಕು. ಇದು ಆಟದ ಪದ್ಧತಿ. ನಾನು ಹೋಗಿ ನೋಡಿ, ಇದೆ ಎಂದಷ್ಟೇ ಬರೆದೆ. ಇದ್ದರೆ ಸಾಕು ಎಂದು ಬಸವನಹುಳು ಬರೆದರು. ಎರಡು ತಿಂಗಳಾದ ಮೇಲೆ ಒಂದು ಸುಳಿವು ಕೊಡುತ್ತೀರಾ ಎಂದು ಕೇಳಿದರು. ಕೇಳಿದವರಿಗೆ ಸುಳಿವು ಕೊಡುವುದೂ ಪದ್ಧತಿಯೇ. ಐದನೆಯದನ್ನು ನೋಡಿ ಎಂದು ಬರೆದೆ, ಆದರೆ ಕಳಿಸಲಿಲ್ಲ. ಯಾಕೆ ಕಳಿಸಲಿಲ್ಲ ಎಂದು ಮೇಡಂ ಕೇಳಿದರು. ಸಿಕ್ಕಿಬಿಟ್ಟರೆ ಅವರು ಮುಂದಿನ ಶನಿವಾರ ಬರುವುದಿಲ್ಲ ಎಂದು ಉತ್ತರಿಸಿದೆ. ಅದನ್ನೂ ಹಾಗೆಯೇ ಬರೆದುಕೊಳ್ಳಬೇಕೆಂದು ಹೇಳಿದೆ.

ಕಳೆದ ತಿಂಗಳು ಸೇತುವೆಯ ಆಚೆ ತುದಿಯ ನೆಲಮಹಡಿಗೆ ಒಂದು ಶಿಶುವಿಹಾರ ಬಂತು. ಆ ತಗಡಿನ ಮುಂದೆ ಮಂಡಿಯೂರಿ ಕುಳಿತವರ ಮುಖ ನೇರವಾಗಿ ಮಕ್ಕಳು ಆಡುವ ಅಂಗಳದ ಕಡೆಗಿರುತ್ತದೆ. ಹುಡುಕುವವರ ಮೇಲೆ ಅನುಮಾನ ಬರುವಂಥ ಜಾಗದಲ್ಲಿ ಡಬ್ಬಿ ಇಡಬಾರದು ಎಂಬುದು ನನಗೆ ಚೆನ್ನಾಗಿ ಗೊತ್ತು. ಅಂಗಳದಲ್ಲಿ ಜಾರುಬಂಡೆ ಇಳಿಸುವುದನ್ನು ನೋಡಿದ ದಿನವೇ ಬೋಲ್ಟು ತೆಗೆಯಬೇಕು ಅಂದುಕೊಂಡೆ. ಈ ವಾರ ಒಂದು ಆಗಲಿ ಎಂದು ಬಿಟ್ಟೆ. ಮುಂದಿನ ವಾರವೂ ಹಾಗೆಯೇ ಬಿಟ್ಟೆ.

ಇವತ್ತು, ಶನಿವಾರ, ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ ಅವರು ಚಾಪೆಯನ್ನು ತಗಡಿನ ಮುಂದೆ ಹಾಸಿದರು. ಸ್ವಲ್ಪ ಹೊತ್ತಿಗೆ ಎದ್ದು ನಿಂತು, ಏನನ್ನೋ ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಎತ್ತಿದರು. ಸಿಕ್ಕಿತು ಎಂದು ನನಗೆ ಗೊತ್ತಾಯಿತು. ಸಂತೋಷವೂ ಆಯಿತು, ಇನ್ನು ಶನಿವಾರ ಅವರು ಬರುವುದಿಲ್ಲ ಎಂದೂ ಅನಿಸಿತು. ಅಷ್ಟರಲ್ಲಿ ಶಿಶುವಿಹಾರದಿಂದ ಕಾವಲುಗಾರ ಮತ್ತು ನಾಲ್ಕೈದು ಜನ ಬಂದು ಅವರ ಅಂಗಿ ಹಿಡಿದರು. ಒಬ್ಬ ತಾಯಿ ಫೋನಿನಲ್ಲಿ ಚಿತ್ರ ತೆಗೆಯುತ್ತಿದ್ದರು. ಯಾರೋ ಕೆನ್ನೆಗೆ ಹೊಡೆದರು. ನಾನು ಕಿಟಕಿ ತೆರೆದೆ. ಕೂಗಬೇಕೆಂದರೆ ಅವರ ಹೆಸರು ನನಗೆ ಗೊತ್ತಿರಲಿಲ್ಲ. ಬಸವನಹುಳು ಎಂದು ಕೂಗಲು ಬಾಯಿ ಬರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಕೆಳಗೆ ಓಡಿ ಸೇತುವೆ ದಾಟುವಷ್ಟರಲ್ಲಿ ಪೊಲೀಸ್ ಜೀಪು ಬಂದು ಅವರನ್ನು ಹತ್ತಿಸಿಕೊಂಡು ಹೊರಟುಹೋಗಿತ್ತು. ಚಾಪೆ ಮತ್ತು ಅವರ ಒಂದು ಚಪ್ಪಲಿ ಬಿದ್ದಿದ್ದವು. ಐದನೆಯ ತೂತು ಖಾಲಿ ಇತ್ತು. ಚಾಪೆ, ಚಪ್ಪಲಿ ಎರಡನ್ನೂ ಎತ್ತಿಕೊಂಡು ನಡೆದೇ ಠಾಣೆಗೆ ಬಂದೆ.

ಇಲ್ಲಿ ಬೆಂಚಿನ ಮೇಲೆ ಒಬ್ಬ ಹೆಂಗಸು ಕುಳಿತಿದ್ದರು. ನನ್ನ ಕೈಯಲ್ಲಿದ್ದ ಚಪ್ಪಲಿ ನೋಡಿ, ಅದು ನಮ್ಮ ಅಣ್ಣಂದು ಎಂದರು. ಅಣ್ಣ ಕನ್ನಡಕದ ಅಂಗಡಿಯಲ್ಲಿ ಗಾಜು ಕೊರೆಯುವ ಕೆಲಸದಲ್ಲಿದ್ದಾರೆ, ಆ ಚಿತ್ರ ಆಗಲೇ ಅಂಗಡಿ ಮಾಲೀಕರ ಫೋನಿಗೆ ಬಂದಿದೆ, ನಮ್ಮಲ್ಲಿಗೆ ಮಕ್ಕಳು ಬರ್ತಾರೆ, ಸೋಮವಾರದೊಳಗೆ ಇದು ಸುಳ್ಳು ಅಂತ ಆಗದಿದ್ರೆ ಬರೋದು ಬೇಡ ಎಂದು ಮಾಲೀಕರು ಹೇಳಿದ್ದಾರೆ ಎಂದು ತಿಳಿಸಿದರು. ಬೇರೆಯವರ ಅಣ್ಣಂದಿರು ರಜೆ ಬಂದ್ರೆ ಇಸ್ಪೀಟು ಆಡ್ತಾರೆ, ನಮ್ಮವನು ಕಂಬಿ ಮೂಸ್ತಾನೆ ಎಂದು ಅತ್ತರು. ಅದನ್ನು ಬಚ್ಚಿಟ್ಟವಳು ನಾನೇ ಎಂದೆ. ಅವರು ಅಳು ನಿಲ್ಲಿಸಿ, ಆಟ ಆಡೋಕೆ ನಿಮಗೆ ನಮ್ಮ ಅಣ್ಣನೇ ಬೇಕಿತ್ತಾ ಎಂದು ಕೇಳಿದರು.

ಎಸ್ಐ ಮೇಡಂ, ಚಿತ್ರ ತೆಗೆದು ದೂರು ಕೊಟ್ಟ ತಾಯಿಯನ್ನೂ ಒಳಗೆ ಕೂರಿಸಿಕೊಂಡು, ಮೇಜಿನ ಮೇಲೆ ವಶಪಡಿಸಿಕೊಂಡ ವಸ್ತುಗಳನ್ನು ತೋರಿಸಿದರು. ಭೂತಗನ್ನಡಿ, ಊಟದ ಡಬ್ಬಿ, ಪೆನ್ನು, ತುಕ್ಕು ಹಿಡಿದ ಬೋಲ್ಟು. ಇದೇ ಡಬ್ಬಿ ಅಂತ ಆ ಮನುಷ್ಯ ಹೇಳ್ತಿದ್ದಾನೆ, ನಮ್ಮವರು ಪಾನಾ ಹಾಕಿ ತಿರುಗಿಸಿದ್ರೂ ಅಲ್ಲಾಡಲಿಲ್ಲ, ಬೋಲ್ಟು ಬೋಲ್ಟೇ ಎಂದರು. ನಾನು ಅದನ್ನು ತೆಗೆದುಕೊಂಡು ಬಲಕ್ಕೆ ತಿರುಗಿಸಿದೆ. ಪಾನಾದಿಂದ ಬಿಗಿಯಾಗಿದ್ದರಿಂದ ಹೆಬ್ಬೆರಳಿನ ಚರ್ಮ ಕಿತ್ತುಹೋಯಿತು, ಆದರೂ ಬಿಚ್ಚಿತು. ಒಳಗೆ ಸುರುಳಿ ಸುತ್ತಿದ ಚೀಟಿ ಇತ್ತು. ನೀರು ಇಳಿದಿರಲಿಲ್ಲ. ಅದರಲ್ಲಿ ಯಾರ ಸಹಿಯೂ ಇರಲಿಲ್ಲ.

ಆ ತಾಯಿ, ಡಬ್ಬಿ ನಿಜವೇ ಇರಬಹುದು, ಆದ್ರೆ ಅವರು ನಮ್ಮ ಮಕ್ಕಳನ್ನ ನೋಡ್ತಾ ಕೂತಿರಲಿಲ್ಲ ಅಂತ ನಿಮಗೆ ಹೇಗೆ ಗೊತ್ತು ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ನಾನು ಹೇಳಿದ್ದು ಇಷ್ಟು: ಬಂದ ಯಾವ ಶನಿವಾರವೂ ಅವರು ಅಂಗಳದ ಕಡೆ ನೋಡಲಿಲ್ಲ. ಅವರ ಮುಖ ಕಂಬಿಯಿಂದ ಒಂದು ಗೇಣು ದೂರದಲ್ಲಿರುತ್ತಿತ್ತು. ಮಕ್ಕಳು ಕಿರುಚಿದರೂ ತಲೆ ಎತ್ತಲಿಲ್ಲ. ಇದು ನನಗೆ ಗೊತ್ತು, ಯಾಕೆಂದರೆ ಅವರು ಅಲ್ಲಿದ್ದಷ್ಟು ಹೊತ್ತೂ ನಾನು ಅವರನ್ನೇ ನೋಡುತ್ತಿದ್ದೆ.

ಹಾಗಾದ್ರೆ ಕದ್ದು ನೋಡ್ತಿದ್ದವರು ನೀವು ಅಂತಾಯ್ತು ಎಂದು ಮೇಡಂ ಹೇಳಿದರು. ಹೌದು ಎಂದು ಒಪ್ಪಿಕೊಂಡೆ. ಆ ತಾಯಿ, ಕೆಳಗೆ ಇಳಿದು ಬಂದು ಒಂದು ಮಾತು ಆಡಬಾರದಿತ್ತಾ ಎಂದರು. ಬೈದ ಹಾಗಿರಲಿಲ್ಲ. ಆಮೇಲೆ ದೂರು ವಾಪಸು ತೆಗೆದುಕೊಳ್ಳುವುದಾಗಿಯೂ, ತಾವು ಯಾರಿಗೆಲ್ಲ ಚಿತ್ರ ಕಳಿಸಿದ್ದರೋ ಅವರಿಗೆಲ್ಲ ನಡೆದದ್ದನ್ನು ತಿಳಿಸುವುದಾಗಿಯೂ, ಅಂಗಡಿ ಮಾಲೀಕರೊಂದಿಗೆ ತಾವೇ ಮಾತಾಡುವುದಾಗಿಯೂ ಮೇಡಂ ಮುಂದೆ ಹೇಳಿದರು.

ನಂತರ ಬಸವನಹುಳು ಅವರನ್ನು ಕರೆತಂದರು. ಕೆಳತುಟಿ ಊದಿತ್ತು. ಈ ಹೆಂಗಸು ಗೊತ್ತಾ ಎಂದು ಮೇಡಂ ಕೇಳಿದ್ದಕ್ಕೆ ಇಲ್ಲ ಎಂದರು. ನಾನು ಗೋಡೆಹಲ್ಲಿ ಎಂದೆ. ಅವರು ನನ್ನನ್ನೂ, ಬಿಚ್ಚಿದ ಬೋಲ್ಟನ್ನೂ ನೋಡಿ, ಉಲ್ಟಾನಾ ಎಂದು ಕೇಳಿದರು. ಹೌದು ಎಂದೆ. ನಗಲು ಹೋಗಿ ತುಟಿ ನೋವಾಗಿ ಕೈ ಅಡ್ಡ ಹಿಡಿದರು. ಕ್ಷಮೆ ಕೇಳಲು ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ನೆನಪಾಗಲಿಲ್ಲ. ಚಪ್ಪಲಿ ಕೊಟ್ಟೆ. ಅವರು ಹಾಕಿಕೊಂಡರು. ನಾನು ಚೀಟಿಗೆ ಸಹಿ ಹಾಕಬಹುದೇ ಎಂದು ಅವರು ಮೇಡಂ ಹತ್ತಿರ ಕೇಳಿದರು. ವಶದಲ್ಲಿರುವ ವಸ್ತುವಿನ ಮೇಲೆ ಯಾರೂ ಏನೂ ಬರೆಯುವಂತಿಲ್ಲ, ದೂರಿನ ಕಾಗದಪತ್ರ ಮುಗಿದ ಮೇಲೆ ವಾಪಸು ಕೊಡುತ್ತೇವೆ ಎಂದು ಮೇಡಂ ಹೇಳಿದರು. ತಂಗಿ ಅವರ ತೋಳು ಹಿಡಿದುಕೊಂಡು ಮನೆಗೆ ಕರೆದುಕೊಂಡು ಹೋದರು. ಚಾಪೆ ನನ್ನ ಹತ್ತಿರವೇ ಉಳಿಯಿತು. ನಾಳೆ ಕನ್ನಡಕದ ಅಂಗಡಿಗೆ ಬೀಗ ಇರುವುದರಿಂದ ಸೋಮವಾರ ನಾನೇ ಹೋಗಿ ಕೊಡುತ್ತೇನೆ.

ವಶಪಡಿಸಿಕೊಂಡ ಚೀಟಿಗೆ ಗುರುತಿಗಾಗಿ ಠಾಣೆಯ ಮೊಹರು ಹಾಕುವುದು ನಿಯಮ ಎಂದು ಮೇಡಂ ತಿಳಿಸಿದ್ದಾರೆ. ಆ ಮೊಹರನ್ನು ಹಿಂಬದಿಗೆ ಹಾಕಿ, ಮುಂಬದಿಯ ಮೊದಲ ಸಾಲನ್ನು ಖಾಲಿ ಬಿಡಬೇಕೆಂದು ಕೋರುತ್ತೇನೆ. ಅದು ಅವರದು.

ಮೇಲೆ ಬರೆಸಿರುವುದೆಲ್ಲ ನನ್ನ ಕಣ್ಣಾರೆ ಕಂಡದ್ದು ಮತ್ತು ನಾನೇ ಮಾಡಿದ್ದು. ಪೇದೆ ಓದಿ ಹೇಳಿದರು, ಕೇಳಿದೆ, ಸರಿಯಿದೆ. ಯಾರ ಒತ್ತಾಯವೂ ಇಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನ: ಶನಿವಾರ, ಸಂಜೆ
ಹೇಳಿಕೆ ಕೊಟ್ಟವರ ಸಹಿ
(ಬಲಗೈ ಹೆಬ್ಬೆರಳಿಗೆ ಗಾಯವಾಗಿರುವುದರಿಂದ ಅಕ್ಷರ ಸ್ವಲ್ಪ ಸೊಟ್ಟಗಿದೆ. ಸಹಿ ನನ್ನದೇ.)