ಜಪಾನಿಗೆ ಹೊರಟ ಕೆಮ್ಮು

ಗುರುಸಿದ್ದಮ್ಮ ಅಂಚೆ ಕಚೇರಿಯಲ್ಲಿ ಲಕೋಟೆಯ ಬಾಯಿಗೆ ಗೋಂದು ಹಚ್ಚುತ್ತಿದ್ದರು. ಪಕ್ಕದಲ್ಲೇ ನಿಂತಿದ್ದ, ಹೋಂಸ್ಟೇ ನಡೆಸುವ ಕುಶಾಲಪ್ಪ, ದಮಯಂತಿ ಗಂಡಹೆಂಡಿರ ಮಾತು ಕಿವಿಗೆ ಬಿತ್ತು.

"ನಮ್ಮಲ್ಲಿ ಬಂದು ಉಳಿದಿದ್ದ ಆ ಜಪಾನಿನ ಅಮ್ಮ 'ನನ್ನಿಂದ ನಿಮಗೆಲ್ಲ ಫ್ಲೂ ಬಂತು, ಕ್ಷಮಿಸಿ' ಅಂತ ಬರೆದು ಎರಡು ತಿಂಗಳಾಯ್ತು. ಮೊದಲು ಕೆಮ್ಮಿದ್ದು ನೀವಲ್ವಾ?"

"ನಂದು ಕಾಫಿ ಧೂಳಿನ ಕೆಮ್ಮು, ಮಾರಾಯ್ತಿ."

"ಧೂಳಿಗೆ ಮೂರು ದಿನ ಜ್ವರ ಬರ್ತದಾ?"

"ಅವರ ಭಾಷೇಲಿ ಹೇಳೋದು ಹೇಗೆ?"

"ಮಗಳು ಪತ್ರದಲ್ಲೇ ಬರೆದುಕೊಟ್ಟಿದ್ದಾಳಲ್ಲ. ಕೆಮ್ಮಿಗೆ ಸೆಕಿ, ಜ್ವರಕ್ಕೆ ನೆತ್ಸು, ಫ್ಲೂಗೆ ಇನ್‌ಫುರುಎನ್‌ಜಾ."

"'ನನ್ನಿಂದಲೇ ಬಂತು' ಅನ್ನೋದಕ್ಕೆ?"

"ಅದನ್ನೂ ಬರೆದಿದ್ದಾಳೆ."

"ಹೋಂಸ್ಟೇ ಹೆಸರು ಕೆಡ್ತದೆ!"

"ಕೆಟ್ಟರೆ ಅದಕ್ಕೂ ಕರಿಮೆಣಸಿನ ಕಷಾಯ ಕುಡಿಸೋಣ. ಕೊಡಿ ಇಲ್ಲಿ."

ದಮಯಂತಿ ಗಂಡನ ಜೇಬಿನಿಂದ ಪತ್ರ ಎಳೆದು ಡಬ್ಬಿಗೆ ಹಾಕಿದರು. ಅದು ಒಳಗೆ ಬಿದ್ದ ಸದ್ದಿಗೆ ಕುಶಾಲಪ್ಪ ಕೆಮ್ಮಿದರು.

"ಸೆಕಿ," ಅಂದು ದಮಯಂತಿ ಜೀಪಿನ ಕಡೆ ನಡೆದರು.