ಪಲ್ಪರಿನ ಗ್ರೀಸ್

ಆಲ್ದೂರಿನ ಗ್ಯಾರೇಜಿನ ಪಕ್ಕ ಬಸ್ಸಿಗೆ ಕಾಯುತ್ತಿದ್ದ ತುಂಗಮ್ಮನ ಕಿವಿ ಅತ್ತಲೇ ಇತ್ತು. ಮೆಕ್ಯಾನಿಕ್ ದೇವರಾಜ ಹಳೇ ರಾಜ್‌ದೂತ್ ಬೈಕಿನಿಂದ ಬಿಚ್ಚಿದ ಆಕ್ಸಿಲರೇಟರ್ ಕೇಬಲ್ ಎತ್ತಿ ತೋರಿಸಿದ.

“ಇದ್ರೊಳಗೆ ಗ್ರೀಸ್ ತುಂಬಿದ್ದು ಯಾರು ಮಾರಾಯ?”

“ನಾನೇ. ಮಳೆಗಾಲಕ್ಕೆ ತುಕ್ಕು ಹಿಡೀಬಾರ್ದು ಅಂತ ಕಾಫಿ ಹಣ್ಣಿನ ಸಿಪ್ಪೆ ಸುಲಿಯೋ ಪಲ್ಪರಿಗೆ ಹಾಕೋದನ್ನೇ ಹಾಕ್ದೆ,” ಎಂದ ಬೈಕ್ ತಂದಿದ್ದ ಮಲ್ಲೇಶ.

“ಚಳಿಗೆ ಅದು ಗಟ್ಟಿಯಾಗಿ ಆಕ್ಸಿಲರೇಟರ್ ಬಿಗಿಯಾಗಿತ್ತು. ಹೊಸ ಕೇಬಲ್ ಹಾಕಿದೀನಿ, ತಿರುಗ್ಸಿ ನೋಡು.”

ಮಲ್ಲೇಶ ಎರಡೇ ಬೆರಳಲ್ಲಿ ಸಲೀಸಾಗಿ ತಿರುಗಿಸಿದ.

“ಬಿಗಿ ಇದೆ ಅಂತ ಅಪ್ಪ ಅಂದಾಗ, ‘ನಿಮ್ ಕೈಯಲ್ಲಿ ತ್ರಾಣ ಇಲ್ಲ’ ಅಂತ ಹೇಳಿ ಕೀ ಕಿತ್ಕೊಂಡಿದ್ದೆ.”

“ಈಗ ಕೊಟ್ಬಿಡು.”

“ಬೇಡ್ವಂತೆ. ಈಗೀಗ ಕಾಫಿ ಲೋಟಾನೂ ಎರಡೂ ಕೈಲಿ ಹಿಡೀತಾರೆ. ನಾನು ಹೇಳಿದ್ನ ನಂಬಿಬಿಟ್ರು.”

ಮಲ್ಲೇಶ ಬೈಕ್ ಸ್ಟಾರ್ಟ್ ಮಾಡದೆ ತಳ್ಳಿಕೊಂಡೇ ಹೊರಟ.